ಕಿಟಕಿ ಬೇಡವೆಂದ ಮೇಸ್ತ್ರಿ

ನಮ್ಮ ದೊಡ್ಡಪ್ಪ ಈ ನಗರದಲ್ಲಿ ಕೂರಿಸಿದ ಕಿಟಕಿಗಳಿಗೆ ಲೆಕ್ಕವಿಲ್ಲ. ಗಾರೆ ಕೆಲಸದಲ್ಲಿ ಅವರದು ಎತ್ತಿದ ಕೈ. ಅಂಥವರ ಸ್ವಂತ ಕೋಣೆಗೆ ಮಾತ್ರ ಒಂದು ಕಿಟಕಿಯೂ ಇರಲಿಲ್ಲ. ಇದು ಬಡತನದ ಕಥೆ ಎಂದುಕೊಳ್ಳಬೇಡಿ, ಹಟದ ಕಥೆ.

ಯುದ್ಧ ಬಂದು ಸೈನಿಕರು ನಮ್ಮ ಊರನ್ನು ಖಾಲಿ ಮಾಡಿಸಿದಾಗ ನನ್ನ ಅಪ್ಪ ಅಮ್ಮ ತೀರಿಹೋಗಿದ್ದರು. ನಾನು ದೊಡ್ಡಮ್ಮನ ಸೊಂಟದ ಮೇಲೆ ಕೂತು ಗಡಿ ದಾಟಿದೆನಂತೆ. ಇಲ್ಲಿ ನಮಗೆ ಸಿಕ್ಕಿದ್ದು ಒಂದು ಹಳೆಯ ಉಗ್ರಾಣ. ಅದರೊಳಗೆ ಹಲಗೆ ಅಡ್ಡ ಇಟ್ಟು ಕೋಣೆಗಳನ್ನು ಮಾಡಿದ್ದರು. ಬಾಗಿಲು ತೆರೆದರೆ ಕತ್ತಲೆಯ ಓಣಿ, ಮುಚ್ಚಿದರೆ ಒಲೆಯ ಹೊಗೆ. ಹಾಡಹಗಲಲ್ಲೂ ಬಲ್ಬು ಉರಿಯಬೇಕು. ಹಿಂದಿನ ಗೋಡೆಯ ಆಚೆ ಬಯಲಿತ್ತು, ಬಿಸಿಲಿತ್ತು.

ಉಗ್ರಾಣದ ಯಜಮಾನ ಒಳ್ಳೆಯ ಮನುಷ್ಯ. "ಮೇಸ್ತ್ರಿ, ಆ ಗೋಡೇಲಿ ಒಂದು ಕಿಟಕಿ ಮಾಡ್ಕೊಳ್ಳಿ, ನಂದೇನೂ ಅಡ್ಡಿಯಿಲ್ಲ" ಎಂದು ಎಂದೋ ಹೇಳಿದ್ದ.

"ಯಾಕೆ ಬಿಡಿ, ಬರೋ ವರ್ಷ ಊರಿಗೆ ಹೋಗ್ತೀವಲ್ಲ" ಎಂದರು ದೊಡ್ಡಪ್ಪ.

ಪ್ರತಿ ವರ್ಷವೂ ಇದೇ ಉತ್ತರ ಕೇಳಿ ಓಣಿಯವರು ಅವರಿಗೆ 'ಬರೋ ವರ್ಷದ ಮೇಸ್ತ್ರಿ' ಎಂದು ಹೆಸರಿಟ್ಟರು. ನಾನು ಶಾಲೆ ಮುಗಿಸಿ ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ದೊಡ್ಡಪ್ಪ ಮಾತ್ರ ಬದಲಾಗಲಿಲ್ಲ. ಕಿಟಕಿ ಮಾಡಿಕೊಂಡರೆ ಇದೇ ನಮ್ಮ ಮನೆ ಎಂದು ಒಪ್ಪಿಕೊಂಡ ಹಾಗೆ ಎನ್ನುವುದು ಅವರ ವಾದ.

ಆ ವಾದಕ್ಕೆ ಧರ್ಮಗ್ರಂಥದ ಬೆಂಬಲವೂ ಇತ್ತು. ರಜೆಯ ಮಧ್ಯಾಹ್ನಗಳಲ್ಲಿ ಊರು ಬಿಟ್ಟು ಬಂದವರೆಲ್ಲ ನಮ್ಮ ಕೋಣೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ದೊಡ್ಡಪ್ಪ ಇಬ್ರಿಯರೆಂಬ ಹಳೆಯ ಕಾಲದ ಜನರ ಕಥೆ ಓದುತ್ತಿದ್ದರು. ಶತ್ರುಗಳು ಊರು ಗೆದ್ದು ಆ ಜನರನ್ನು ದೂರದ ಬಾಬೆಲ್ ಪಟ್ಟಣಕ್ಕೆ ಸೆರೆ ಒಯ್ದದ್ದು, ಅವರು ಅಲ್ಲಿ ನದಿಯ ದಡದಲ್ಲಿ ಕೂತು ಊರು ನೆನೆದು ಅತ್ತದ್ದು. ಅಷ್ಟು ಹೊತ್ತಿಗೆ ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಮೇಲೆ ದೊಡ್ಡಪ್ಪ ಹಾಳೆ ಮಗುಚಿ, ಆ ಜನ ಮರಳಿ ಊರು ಸೇರಿದ ಭಾಗಕ್ಕೆ ಹಾರುತ್ತಿದ್ದರು. ನಡುವೆ, ಊರಲ್ಲೇ ಉಳಿದಿದ್ದ ಪ್ರವಾದಿಯೊಬ್ಬ ಸೆರೆಯಾಳುಗಳಿಗೆ ಹೇಳಿ ಕಳಿಸಿದ ಮಾತಿದೆ. ಅದನ್ನು ನಮ್ಮವರು ಓದುತ್ತಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಯಾಕಿಲ್ಲ ಎಂದು ಯಾರೂ ಕೇಳುತ್ತಲೂ ಇರಲಿಲ್ಲ.

ದೊಡ್ಡಮ್ಮನಿಗೆ ಉಬ್ಬಸ ಹತ್ತಿತು, ಕೊನೆಗೆ ಅವರು ಹಾಸಿಗೆ ಹಿಡಿದರು. ನೋಡಲು ಬಂದ ಡಾಕ್ಟರಮ್ಮ ಗೋಡೆಗಳನ್ನು ಸುತ್ತ ನೋಡಿದರು. "ಮಾತ್ರೆ ಕೊಡ್ತೀನಿ. ಗಾಳಿ ಎಲ್ಲಿಂದ ತರ್ಲಿ? ಹೀಗೇ ಇದ್ರೆ ಈ ಚಳಿಗಾಲ ದಾಟೋದು ಕಷ್ಟ."

ಅವರು ಹೋದ ಮೇಲೆ ನಾನು ಕೇಳಿದೆ: "ಊರಿಗೆ ಹೋಗೋಕಾದ್ರೂ ದೊಡ್ಡಮ್ಮ ಉಳೀಬೇಕಲ್ವಾ ದೊಡ್ಡಪ್ಪ?"

"ಊರಿನ ಗಾಳಿ ತಾಗಿದ್ರೆ ಎಲ್ಲ ಸರಿಹೋಗತ್ತೆ ಕಣಮ್ಮ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹಿರಿಯರ ಮಾತು ಮೀರಿ ಗೋಡೆಗೆ ನಾನು ಕೈ ಹಚ್ಚುವ ಹಾಗಿರಲಿಲ್ಲ. ಅಂಗಡಿಯಿಂದ ಬಂದವಳೇ ದೊಡ್ಡಮ್ಮನಿಗೆ ಬೀಸಣಿಗೆ ಬೀಸುತ್ತ ಕೂರುತ್ತಿದ್ದೆ, ಅದೇ ಹೊಗೆಯ ಗಾಳಿಯನ್ನೇ.

ಮುಂದಿನ ಪ್ರಾರ್ಥನೆಯಲ್ಲಿ ಜನ ಅತ್ತು ಮುಗಿಸಿದರು. ದೊಡ್ಡಪ್ಪ ಹಾಳೆ ಮಗುಚಲು ಹೊರಟರು.

"ರೀ, ಬಿಟ್ಟಿದ್ದನ್ನ ಓದಿ" ಎಂದರು ದೊಡ್ಡಮ್ಮ, ಹಾಸಿಗೆಯಿಂದಲೇ.

"ಯಾವುದನ್ನೇ?"

"ನಿಮಗೆ ಗೊತ್ತು."

ಜನ ನೆಲ ನೋಡತೊಡಗಿದರು. ದೊಡ್ಡಪ್ಪ ಓದಿದರು, ಸಿಟ್ಟಿನಿಂದಲೇ ಓದಿದರು. ಇದ್ದಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಇರಿಸಿರುವ ಪಟ್ಟಣಕ್ಕೂ ಒಳ್ಳೆಯದಾಗಲೆಂದು ಬೇಡಿಕೊಳ್ಳಿ. ಬಿಡುಗಡೆ ನಿಜ, ಆದರೆ ಅದು ಬೇಗ ಬರುವುದಿಲ್ಲ ಎಂದಿದ್ದ ಪ್ರವಾದಿ.

"ಊರಲ್ಲೇ ಕೂತು ಹೇಳೋದು ಸುಲಭ" ಎಂದು ದೊಡ್ಡಪ್ಪ ಪುಸ್ತಕ ಮುಚ್ಚಿದರು.

"ಅವನೇನು ಸುಖವಾಗಿದ್ನಾ? ಸತ್ಯ ಹೇಳಿದ್ದಕ್ಕೆ ಬಾವೀಗೆ ಇಳಿಸಿದ್ರು. ಕೆಸರಲ್ಲಿ ಹೂತುಹೋಗಿದ್ದ." ದೊಡ್ಡಮ್ಮ ಉಸಿರೆಳೆದುಕೊಳ್ಳಲು ಮಾತು ನಿಲ್ಲಿಸಿದರು. "ದೇವರು ಊರಲ್ಲಿ ಮಾತ್ರ ಇರೋದಾದ್ರೆ, ಇಷ್ಟು ವರ್ಷ ಇಲ್ಲಿ ಕೂತು ಯಾರನ್ನ ಬೇಡ್ಕೊಂಡ್ವಿ ರೀ?"

ಎಲ್ಲರೂ ಬೇಗ ಬೇಗ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮಾರನೆಯ ದಿನ ದೊಡ್ಡಪ್ಪ ಕೆಲಸಕ್ಕೆ ಹೋಗಲಿಲ್ಲ. ದೊಡ್ಡಮ್ಮನನ್ನು ಓಣಿಗೆ ಒಯ್ದು ಮಲಗಿಸು ಎಂದು ನನಗೆ ಹೇಳಿ, ಉಳಿ ಸುತ್ತಿಗೆ ಹಿಡಿದು ಹಿಂದಿನ ಗೋಡೆಯ ಮುಂದೆ ನಿಂತರು. ಇಡೀ ಬೆಳಗ್ಗೆ ಒಂದೊಂದೇ ಇಟ್ಟಿಗೆ ಬಿಡಿಸಿದರು.

ಧೂಳು ಅಡಗಿದ ಮೇಲೆ ದೊಡ್ಡಮ್ಮನನ್ನು ಒಳಗೆ ಕರೆತಂದೆ. ಕೋಣೆಯ ತುಂಬ ಬೆಳಕಿತ್ತು. ಅವರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು, ಮತ್ತೊಮ್ಮೆ ಎಳೆದುಕೊಂಡರು. ಕಣ್ಣು ತೆರೆದು ಗಂಡನ ಕಡೆ ತಿರುಗಿದವರು ನೋಡುತ್ತಲೇ ಉಳಿದರು. ಹಾಸಿಗೆ ಹಿಡಿದ ಮೇಲೆ ಅವರು ದೊಡ್ಡಪ್ಪನನ್ನು ಹಗಲಿನ ಬೆಳಕಲ್ಲಿ ಕಂಡಿದ್ದೇ ಇಲ್ಲ.

"ರೀ, ನಿಮ್ಮ ತಲೆ ಪೂರ್ತಿ ಬೆಳ್ಳಗಾಗಿದೆ."

"ಗಾರೆ ಧೂಳು ಕಣೇ" ಎಂದು ದೊಡ್ಡಪ್ಪ ಎರಡೂ ಕೈಯಿಂದ ತಲೆ ಕೊಡವಿಕೊಂಡರು. ಧೂಳು ಉದುರಿತು. ತಲೆ ಬೆಳ್ಳಗೇ ಇತ್ತು.

ದೊಡ್ಡಮ್ಮ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಸುಮ್ನಿರಿ" ಎಂದರು ಮೆಲ್ಲಗೆ. "ಈಗ ಊರಿಗೆ ಹೋದ್ರೂ ಅಲ್ಲಿ ನಮ್ಮನ್ನ ಯಾರೂ ಗುರುತು ಹಿಡಿಯಲ್ಲ."