ವಾಪಸ್ ಬಂದ ಕಾಲರ್

ಕಾಲರ್ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಾರ್ಮೆಂಟ್ಸಿನ ಜನ ಹೇಳುತ್ತಿದ್ದರು. ಅದು ಅರ್ಧ ಸತ್ಯ. ಮೂಗಿನ ತುದಿಯಲ್ಲಿದ್ದಿದ್ದರೆ ಒಮ್ಮೆ ಸೀನಿದಾಗಲಾದರೂ ಉದುರಿ ಹೋಗಬೇಕಿತ್ತು. ಈಕೆಯ ಕೋಪ ಬೆನ್ನುಮೂಳೆಯಲ್ಲಿತ್ತು. ಅದರ ಆಧಾರದ ಮೇಲೇ ಆಕೆ ಹೊಲಿಗೆ ಯಂತ್ರದ ಮುಂದೆ ದಿನವಿಡೀ ನೆಟ್ಟಗೆ ಕೂರುತ್ತಿದ್ದಳು. ಉದ್ದನೆಯ ಶೆಡ್ಡು, ಸಾಲು ಸಾಲು ಯಂತ್ರ, ತಲೆಯ ಮೇಲೆ ಟ್ಯೂಬ್‌ಲೈಟು, ಗಂಟಲಲ್ಲಿ ಸದಾ ಬಟ್ಟೆಯ ಧೂಳು. ಒಬ್ಬಳು ತೋಳು ಕೂರಿಸಿದರೆ ಇನ್ನೊಬ್ಬಳು ಕಾಜಾ ಹಾಕುತ್ತಾಳೆ. ಈಕೆಯ ಪಾಲಿಗೆ ಬಂದದ್ದು ಕಾಲರ್. ಕಾಲರ್ ಸೊಟ್ಟಗಾದರೆ ಶರ್ಟು ಹಾಕಿಕೊಂಡವನ ಮುಖವೇ ಸೊಟ್ಟಗೆ ಕಾಣುತ್ತದೆ ಎಂಬುದು ಆಕೆಯ ಸಿದ್ಧಾಂತ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಆ ಮಗಳು ಬೆಳೆದು ಅದೇ ಶೆಡ್ಡಿನ ಕೊನೆಯಲ್ಲಿ ಚೆಕಿಂಗ್ ಟೇಬಲ್ಲಿಗೆ ಬಂದಳು. ಹೊಲಿದ ಶರ್ಟನ್ನು ಬೆಳಕಿಗೆ ಹಿಡಿದು ನೋಡುವುದು, ತಪ್ಪಿದ್ದ ಕಡೆ ಕೆಂಪು ಸ್ಟಿಕ್ಕರ್ ಅಂಟಿಸಿ ಹೊಲಿದವರಿಗೇ ಮರಳಿಸುವುದು ಅವಳ ಕೆಲಸ. ಅಂಟಿಸುವಾಗ ಒಂದೇ ಮಾತು: "ವಾಪಸ್." ಹಾಗಾಗಿ ಎಲ್ಲರ ಬಾಯಲ್ಲಿ ಅವಳು ವಾಪಸ್ ಮೇಡಂ. ಹೆತ್ತ ತಾಯಿಯ ಕಾಲರನ್ನೂ ಬಿಟ್ಟವಳಲ್ಲ. ಹಾಗೆ ಅಂಟಿಸಿದ ದಿನ ಸಂಜೆ ಮನೆಯಲ್ಲಿ ಕುರುಕ್ಷೇತ್ರ.

"ಹೊತ್ತು ಹೆತ್ತವಳ ಕಾಲರ್‌ಗೇ ಸ್ಟಿಕ್ಕರ್ ಅಂಟಿಸ್ತೀಯೇನೇ?"

"ಹೆರೋದೇನೋ ಚೆನ್ನಾಗೇ ಹೆತ್ತೆ ಕಣಮ್ಮ. ಕಾಲರ್ ಮಾತ್ರ ಸೊಟ್ಟ."

ಆಫೀಸೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅಪ್ಪ ಮಾತಾಡದೆ ಇಬ್ಬರಿಗೂ ತಟ್ಟೆ ಇಡುತ್ತಿದ್ದ. ಹಾವು ಮುಂಗುಸಿಯ ನಡುವೆ ಸಂಸಾರ ಮಾಡುವವನಿಗೆ ಮೌನವೇ ಮದ್ದು.

ಹೋದ ವರ್ಷ ಕೆಲಸ ಬಿಟ್ಟ ಹೊತ್ತಿನಲ್ಲಿ ಮಗಳು ರಸ್ತೆ ದಾಟುತ್ತಿದ್ದಳು. ಸ್ಕೂಟರೊಂದು ಗುದ್ದಿತು, ತಲೆ ಫುಟ್‌ಪಾತಿನ ಕಲ್ಲಿಗೆ ಬಡಿಯಿತು. ಗುದ್ದಿದವನು ನಿಲ್ಲಲಿಲ್ಲ. ಅವನಿಗೆ ಕಾಲರ್ ಅಕ್ಕ ಹಾಕಿದ ಶಾಪಗಳಲ್ಲಿ ಒಂದು ತಟ್ಟಿದ್ದರೂ ಅವನು ಈಗ ತೆವಳುತ್ತಿರಬೇಕು. ಮಗಳು ಕಣ್ಣು ಬಿಡಲು ವಾರಗಳೇ ಹಿಡಿದವು. ಆಮೇಲೆ ಅಪ್ಪ ರಜೆ ಹಾಕಿ ಚಮಚ ಹಿಡಿಯುವುದನ್ನು ಕಲಿಸಿದ, ಸೊಂಟಕ್ಕೆ ಕಟ್ಟಿದ ಬೆಲ್ಟು ಹಿಡಿದುಕೊಂಡು ಆಸ್ಪತ್ರೆಯ ವರಾಂಡದಲ್ಲಿ ನಡೆಸಿದ. ಅಮ್ಮ ಕೆಲಸ ಮುಗಿಸಿ ಓಡಿ ಬಂದು ಸ್ನಾನ ಮಾಡಿಸಿ ತಲೆ ಬಾಚಿದಳು, ಗಾಯದ ಸುತ್ತ ಬಾಚಣಿಗೆ ತಾಗದ ಹಾಗೆ. ನಡಿಗೆ ಬಂತು. ಕೈ ಬಂತು. ಮಾತೂ ಬಂತು.

ಬಂದದ್ದು ಒಂದೇ ಮಾತು. "ಆಯ್ತು."

ಊಟ ಮಾಡ್ತೀಯಾ? ಆಯ್ತು. ಹೊಟ್ಟೆ ತುಂಬಿದ್ರೂ ಆಯ್ತು. ಕಿಟಕಿ ಹಾಕ್ಲಾ? ಆಯ್ತು. ತೆಗೀಲಾ? ಆಯ್ತು. ಬೇಕು ಎಂಬುದಿಲ್ಲ, ಬೇಡ ಎಂಬುದಿಲ್ಲ. ಕೂರಿಸಿದ ಕಡೆ ಕೂರುತ್ತಾಳೆ. ಪೆಟ್ಟು ಬಿದ್ದದ್ದು ಮಿದುಳಿನ ಮುಂಭಾಗಕ್ಕೆ, ತಾನಾಗಿ ಏನನ್ನಾದರೂ ಶುರು ಮಾಡುವ ಶಕ್ತಿ ಇರುವುದೇ ಅಲ್ಲಿ, ಮರಳಿ ಬರಬಹುದು, ಬರದೆಯೂ ಇರಬಹುದು ಎಂದು ವೈದ್ಯೆ ಹೇಳಿದರು. "ಹೌದಾ ಅಲ್ವಾ ಅಂತ ಕೇಳ್ಬೇಡಿ, ಎರಡರಲ್ಲಿ ಒಂದು ಆರಿಸೋಕೆ ಬಿಡಿ," ಎಂದರು. ಅಮ್ಮ "ಟೀನಾ ಕಾಫಿನಾ?" ಎಂದು ಕೇಳಿದಳು. ಮಗಳು ಕಾಫಿ ಎಂದಳು. ಅಮ್ಮ ಖುಷಿಯಿಂದ ಕುಣಿಯುವುದೊಂದೇ ಬಾಕಿ. ಮರುದಿನ "ಕಾಫಿನಾ ಟೀನಾ?" ಎಂದಳು. ಟೀ. ಯಾವುದನ್ನು ಕೊನೆಗೆ ಹೇಳಿದರೆ ಅದು. ಆ ಲೋಟವನ್ನು ಅಮ್ಮ ಸಿಂಕಿಗೆ ಎಸೆದ ಶಬ್ದ ಪಕ್ಕದ ಮನೆಗೂ ಕೇಳಿಸಿತು.

ಈ ಪಕ್ಕದ ಮನೆಯವರನ್ನು ಏನು ಮಾಡಬೇಕು ಹೇಳಿ. ಬಂದವರೆಲ್ಲ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ ಹೊಗಳುವವರೇ. "ಎಷ್ಟು ತಣ್ಣಗಾಗಿದ್ದಾಳೆ! ಮೊದಲು ಏನು ಬಾಯಿ, ಅಬ್ಬಬ್ಬಾ! ಏನೇ ಆಗ್ಲಿ, ಒಳ್ಳೇದಕ್ಕೇ ಆಯ್ತು ಅನ್ಸತ್ತೆ." ಒಳ್ಳೆಯದಕ್ಕೆ! ತಲೆ ಒಡೆದದ್ದು ಒಳ್ಳೆಯದಕ್ಕೆ! ಹೆಣ್ಣು ಕೋಲೆ ಬಸವನ ಹಾಗೆ ತಲೆ ಆಡಿಸಿದರೆ ಲೋಕಕ್ಕೆ ಎಷ್ಟು ಸಂತೋಷ! ಕಾಲರ್ ಅಕ್ಕ ಪಕ್ಕದ ಮನೆಯವಳಿಗೆ ಬಾಗಿಲು ತೋರಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ತನ್ನ ಜೊತೆ ಜಗಳ ಆಡುತ್ತಿದ್ದ ಮಗಳು ಅವಳಿಗೆ ಬೇಕಾಗಿದ್ದಳು.

ಕೊನೆಗೆ ಆಕೆ ತನ್ನ ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು. ಮನೆಯ ಹಳೆಯ ಯಂತ್ರದಲ್ಲಿ ಬೇಕಂತಲೇ ಕಾಲರ್ ಕೆಡಿಸಿ ಹೊಲಿದಳು. ಒಂದರ ಹೊಲಿಗೆ ಹಾವು ಹರಿದ ಹಾಗೆ, ಇನ್ನೊಂದನ್ನು ಉಲ್ಟಾ ಕೂರಿಸಿದ್ದಳು. ಮಗಳ ಮುಖದೆದುರು ಹಿಡಿದು "ಸರಿ ಇದೆಯೇನೇ? ನೋಡೇ! ಸರಿ ಇದೆಯಾ?" ಎಂದು ಕಿರುಚಿದಳು.

"ಆಯ್ತು," ಎಂದಳು ಮಗಳು.

ಗಾಯದ ಮೇಲೆ ಬರೆ ಎಳೆಯಲು ಕಾಲರ್ ಅಕ್ಕನ ತಮ್ಮ ಬಂದ. ಈ ತಮ್ಮ ಬಂದಾಗಲೆಲ್ಲ ಸೇಬು ತರುತ್ತಾನೆ, ಒಂದೊಂದಕ್ಕೂ ಕೆಂಪು ಸ್ಟಿಕ್ಕರ್ ಇರುವ ದುಬಾರಿ ಸೇಬು. ಈ ಸಲ ಸೇಬಿನ ಜೊತೆ ಗಂಡನ್ನೂ ತಂದಿದ್ದ, ಸದ್ಯಕ್ಕೆ ಬಾಯಿಮಾತಲ್ಲಿ. ಹಾರ್ಡ್‌ವೇರ್ ಅಂಗಡಿಯವನು, ಹೆಂಡತಿ ತೀರಿಕೊಂಡಿದ್ದಾಳೆ.

"ಮೊದಲ್ನೇ ಹೆಂಡ್ತಿ ಬಾಯಿ ಜೋರಂತೆ ಅಕ್ಕ. ಅದಕ್ಕೇ ಈ ಸಲ ಸುಮ್ಮನಿರೋ ಹುಡುಗೀನೇ ಬೇಕಂತೆ. ನಮ್ಮ ಹುಡುಗಿ ಈಗ ಹೇಳಿ ಮಾಡಿಸಿದ ಹಾಗಿದ್ದಾಳೆ."

"ಎದ್ದು ಹೋಗೋ ಇಲ್ಲಿಂದ," ಎಂದಳು ಅಕ್ಕ.

ಅವನು ಹೋದ. ಆದರೆ ಮಾತು ಮನೆಯಲ್ಲೇ ಉಳಿಯಿತು, ಅಪ್ಪನ ತಲೆಯಲ್ಲಿ. ಮರುದಿನ ಬೆಳಿಗ್ಗೆ ತರಕಾರಿ ಹೆಚ್ಚುತ್ತಾ ಅವನು ಮೆಲ್ಲಗೆ ತೆಗೆದ: "ನಾವಿಬ್ರೂ ಹೋದ ಮೇಲೆ ಅವಳಿಗೆ ಯಾರೇ?"

"ಅದಕ್ಕೆ? ಸಿಕ್ಕಿದವನಿಗೆ ಕೊಟ್ಟುಬಿಡೋದಾ?"

"ಅವಳನ್ನೇ ಕೇಳೋಣ. ಅವಳು ಹೂಂ ಅಂದ್ರೆ..."

"ರೀ! ವಿಷ ಕುಡೀತೀಯಾ ಅಂದ್ರೂ ಹೂಂ ಅಂತಾಳೆ ನಿಮ್ಮ ಮಗಳು! ಬೇಡ ಅನ್ನೋಕೆ ಬರದವಳ ಹೂಂ ತಗೊಂಡು ಏನ್ ಮಾಡ್ತೀರಾ?"

ಅಪ್ಪನ ಚಾಕು ನಿಂತಿತು, ಕಣ್ಣು ತುಂಬಿತು. ನಾವಿಬ್ಬರೂ ಹೋದ ಮೇಲೆ ಯಾರು ಎಂಬ ಪ್ರಶ್ನೆ ಕಾಲರ್ ಅಕ್ಕನನ್ನೂ ಎಷ್ಟೋ ರಾತ್ರಿ ಎಬ್ಬಿಸಿ ಕೂರಿಸಿತ್ತು. ಅದಕ್ಕೇ ಕೋಪ ಇನ್ನೂ ನೆತ್ತಿಗೇರಿತು. ಎರಡು ದಿನ ಅವಳು ಗಂಡನ ಮುಖ ನೋಡಲಿಲ್ಲ. ಅಷ್ಟರಲ್ಲಿ ತಮ್ಮ ಭಾವನನ್ನು ಒಪ್ಪಿಸಿ, ಭಾನುವಾರ ಗಂಡನ್ನು ಕರೆತರುವುದೆಂದು ನಿಕ್ಕಿ ಮಾಡಿಯೇಬಿಟ್ಟ.

ಭಾನುವಾರ ಹಾಕಿಕೊಳ್ಳಲು ಅಪ್ಪನಿಗೆ ಇದ್ದದ್ದು ಒಂದೇ ಒಳ್ಳೆಯ ಶರ್ಟು. ಅದರ ಕಾಲರ್ ಮಡಿಕೆಯಲ್ಲಿ ಸವೆದಿತ್ತು. ಕಾಲರ್ ಬಿಚ್ಚಿ, ಸವೆದ ಮಗ್ಗುಲು ಒಳಗೆ ಹೋಗುವ ಹಾಗೆ ತಿರುಗಿಸಿ ಹೊಲಿದರೆ ಶರ್ಟು ಹೊಸದರ ಹಾಗೆ ಆಗುತ್ತದೆ. ಗಂಡನ ಮೇಲೆ ಎಷ್ಟೇ ಸಿಟ್ಟಿದ್ದರೂ, ಸವೆದ ಕಾಲರ್ ಹಾಕಿಕೊಂಡು ಅವನು ನಾಲ್ಕು ಜನರ ಮುಂದೆ ಕೂರುವುದು ಕಾಲರ್ ಅಕ್ಕನಿಗೆ ಸಹಿಸಲಾಗದು. ಹಲ್ಲು ಕಚ್ಚಿಕೊಂಡು ಹೊಲಿದಳು. ಪೆಡಲನ್ನು ತಮ್ಮನ ಕುತ್ತಿಗೆ ಎಂದುಕೊಂಡೇ ತುಳಿದಳು. ಆದರೆ ಹೊಲಿಗೆಯಲ್ಲಿ ಮೋಸ ಮಾಡಲಿಲ್ಲ.

ಬಂದರು. ಹಾರ್ಡ್‌ವೇರ್ ಅಂಗಡಿಯವನು ಕೆಟ್ಟವನಂತೆ ಕಾಣಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಆಗಾಗ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಮಧ್ಯದ ಮೇಜಿನ ಮೇಲೆ ತಮ್ಮ ತಂದ ಸೇಬಿನ ತಟ್ಟೆ. ಅದರ ಪಕ್ಕದ ಕುರ್ಚಿಯಲ್ಲಿ ಮಗಳು, ಕೂರಿಸಿದ ಹಾಗೆ ಕೂತಿದ್ದಳು.

ತಮ್ಮ ಗಂಟಲು ಸರಿಮಾಡಿಕೊಂಡ. "ಏನಮ್ಮಾ, ಇವರು ಒಪ್ಪಿಗೆನಾ?"

"ಆಯ್ತು."

"ನೋಡಿದೆಯಾ ಅಕ್ಕ! ಅವಳ ಬಾಯಿಂದಾನೇ ಬಂತು!" ತಮ್ಮ ತೊಡೆ ತಟ್ಟಿದ. ಅಪ್ಪ ತಲೆ ತಗ್ಗಿಸಿದ. ಕಾಲರ್ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು, ಅಷ್ಟರಲ್ಲಿ ಅಪ್ಪ ಬಂದವರಿಗೆ ಹಣ್ಣು ಕೊಡಲು ತಟ್ಟೆಯ ಮೇಲೆ ಬಾಗಿದ.

ಮಗಳು ಅಪ್ಪನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಅವಳ ಕೈ ನಿಧಾನವಾಗಿ ತಟ್ಟೆಯತ್ತ ಹೋಯಿತು. ಒಂದು ಸೇಬು ತೆಗೆದುಕೊಂಡು, ಅದರ ಕೆಂಪು ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದಳು. ಎರಡು ಸಲ ಜಾರಿತು. ಮೂರನೆಯ ಸಲ ಎದ್ದು ಬಂತು. ಅದನ್ನು ಅಪ್ಪನ ಕಾಲರಿನ ಎಡ ಮೂಲೆಗೆ ಒತ್ತಿ ಅಂಟಿಸಿದಳು.

"ವಾಪಸ್," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ಅಮ್ಮ ಒಬ್ಬಳಿಗೆ, ಅವಳಿಗೂ ಮೊದಲಿಗೆ ಅರ್ಥವಾದದ್ದು ಅವಮಾನ ಮಾತ್ರ.

"ಏನಂದೆ? ನನ್ನ ಕಾಲರ್‌ನಾ? ನೀನು ಹುಟ್ಟೋಕೆ ಮುಂಚಿಂದ ಹೊಲೀತಿದ್ದೀನಿ ಕಣೇ!"

ಮಗಳ ಹುಬ್ಬು ಗಂಟಿಕ್ಕಿತು. ಮಾತು ಒಂದೊಂದಾಗಿ ಹೊರಬಂತು. "ಎಡಗಡೆ... ಉದ್ದ. ಕಣ್ಣು... ಕಾಣಲ್ವಾ ನಿಂಗೆ?"

"ಎಲ್ಲೇ ಉದ್ದ? ತೋರಿಸೇ!" ಕಾಲರ್ ಅಕ್ಕ ಗಂಡನ ಕಾಲರ್ ಹಿಡಿದು ಅವನನ್ನೇ ಬೆಳಕಿಗೆ ಎಳೆದಳು. ಎರಡು ಮೂಲೆಗಳನ್ನೂ ಜೋಡಿಸಿ ನೋಡಿದಳು. ಎಡಗಡೆಯದು ಒಂದು ನೂಲು ಉದ್ದವಿತ್ತು. ವಯಸ್ಸಾದ ಕಣ್ಣು, ಅದರ ಮೇಲೆ ಸಿಟ್ಟು. ನಿಜವಾದ ತಪ್ಪು. ಬೇಕಂತ ಮಾಡಿದ ತಪ್ಪುಗಳನ್ನೆಲ್ಲ ಪಾಸು ಮಾಡಿದ ಹುಡುಗಿ ಇದನ್ನು ಹಿಡಿದಿದ್ದಳು, ಯಾರೂ ಕೇಳದೆ.

ಅಮ್ಮ ಆ ಮೂಲೆಯನ್ನು ಹೆಬ್ಬೆರಳಿನಿಂದ ಮತ್ತೆ ಮತ್ತೆ ಸವರಿದಳು.

"ಅಕ್ಕ, ಬಂದವರ ಮುಂದೆ ಏನಿದು ರಂಪ," ಎಂದ ತಮ್ಮ. "ಹುಡುಗಿ ಒಪ್ಪಿ ಆಯ್ತಲ್ಲ..."

ಆಗ ಅಪ್ಪ, ಈ ಮನೆಯಲ್ಲಿ ಎಂದೂ ದನಿ ಎತ್ತದವನು, ಗುಂಡಿ ಬಿಚ್ಚಿ ಶರ್ಟು ತೆಗೆದ. ಬನಿಯನ್ನಿನಲ್ಲೇ ನಿಂತ.

"ನನ್ನ ಶರ್ಟೇ ಪಾಸಾಗ್ಲಿಲ್ಲ, ಗಂಡಿನ ಮಾತು ಆಮೇಲೆ," ಎಂದ. ಹಾರ್ಡ್‌ವೇರ್ ಅಂಗಡಿಯವನ ಕಡೆ ತಿರುಗಿ ಕೈ ಮುಗಿದ. "ತಪ್ಪು ತಿಳ್ಕೋಬೇಡಿ. ಇವಳಿಗೆ ವಾಪಸ್ ಕಳಿಸೋಕೆ ಈಗ ತಾನೇ ಮತ್ತೆ ಬರ್ತಿದೆ. ಪೂರ್ತಿ ಬರೋವರೆಗೂ ಇವಳ ಹೂಂ ನಾನು ಯಾರಿಗೂ ಕೊಡಲ್ಲ." ಅಂಗಡಿಯವನು ಕನ್ನಡಕ ಹಾಕಿಕೊಂಡು ಎದ್ದ. ಅವನ ಹಿಂದೆ ತಮ್ಮನೂ ಗೊಣಗುತ್ತ ಎದ್ದ.

ಅವರು ಮೆಟ್ಟಿಲು ಇಳಿಯುವ ಮೊದಲೇ ಕಾಲರ್ ಅಕ್ಕ ಯಂತ್ರದ ಮುಂದಿದ್ದಳು. ಹೊಲಿಗೆ ಬಿಚ್ಚಿದಳು, ಕನ್ನಡಕ ಏರಿಸಿಕೊಂಡು ಮತ್ತೆ ಹೊಲಿದಳು, ಮೂಲೆ ತೀಡಿದಳು. ಶರ್ಟನ್ನು ಮಗಳ ತೊಡೆಯ ಮೇಲೆ ಹಾಕಿ ಏನೂ ಕೇಳದೆ ನಿಂತಳು. ಕೇಳದಿರುವುದು ಅವಳಿಗೆ ಎಂಥ ಕಷ್ಟ ಎಂಬುದು ಅವಳ ತುಟಿಯಲ್ಲೇ ಕಾಣುತ್ತಿತ್ತು.

ಮಗಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. ಆಮೇಲೆ ತಟ್ಟೆಯಿಂದ ಇನ್ನೊಂದು ಸೇಬು ತೆಗೆದುಕೊಂಡು ಅದರ ಸ್ಟಿಕ್ಕರಿಗೆ ಉಗುರು ಹಾಕಿದಳು.

"ಮತ್ತೇನೇ ಈಗ! ದರಿದ್ರದವಳೇ, ಮತ್ತೇನು ಕಂಡಿತೇ ನಿಂಗೆ!"

ಆ ಕೂಗಿಗೆ ಪಕ್ಕದ ಮನೆಯವಳು ಬಾಗಿಲಿಗೆ ಓಡಿ ಬಂದಳು. "ಏನಾಯ್ತು? ಏನಾಯ್ತು?"

"ನನ್ನ ಮಗಳು ನನ್ನ ಕಾಲರ್‌ನ ಎರಡನೇ ಸಲ ವಾಪಸ್ ಕಳಿಸಿದ್ದಾಳೆ!" ಕಾಲರ್ ಅಕ್ಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಗಂಟಲು ಮಾತ್ರ ಬೀದಿಗೆಲ್ಲ ಕೇಳುವಷ್ಟಿತ್ತು. "ಏನ್ ಮಾಡ್ಕೋತೀಯೋ ಮಾಡ್ಕೋ, ಹೋಗು!"