ಹಗೇವಿಗೆ ಇಳಿಸಿದ ದೀಪ

ಗಬ್ಬೂರಿನಲ್ಲಿ ಜೋಳ ತುಂಬುವ ಹಗೇವುಗಳು ಈಗ ಹೆಚ್ಚು ಉಳಿದಿಲ್ಲ. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಸಣ್ಣ ಕೋಣೆಯಷ್ಟು. ಸುತ್ತ ಒಣ ದಂಟು ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಔಷಧಿ ಹಾಕುವುದಿಲ್ಲ, ಆದರೂ ಹುಳ ಹಿಡಿಯುವುದಿಲ್ಲ. ಯಾಕೆ ಎಂಬ ಪ್ರಶ್ನೆ ಹಿಡಿದುಕೊಂಡು ನಾನು ರಾಯಚೂರಿನಿಂದ ಬಸ್ಸು ಹತ್ತಿದ್ದೆ.

ಪ್ರಶ್ನೆ ಹುಟ್ಟಿದ್ದು ನನ್ನದೇ ಒಂದು ವರದಿಯಿಂದ. ಮಾನ್ವಿ ಕಡೆ ಹಾಳುಬಾವಿಯ ಹೂಳೆತ್ತಲು ಇಳಿದವನೊಬ್ಬ ಸತ್ತ ಸುದ್ದಿಯಲ್ಲಿ ‘ವಿಷಾನಿಲ ಸೇವಿಸಿ’ ಎಂದು ಬರೆದಿದ್ದೆ. ಮರುದಿನ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಫೋನ್ ಮಾಡಿದರು.

“ಯಾವ ವಿಷಾನಿಲ್ರೀ? ಹೆಸರಿಲ್ಲೇನು ಅದಕ್ಕ?”

ಪೊಲೀಸರು ಹೇಳಿದ್ದನ್ನೇ ಬರೆದೆ ಎಂದೆ. ಆ ಬಾವಿಯಲ್ಲಿ ಏನಿತ್ತು ಎಂದು ಅಳೆದು ನೋಡದೆ ತಾನೂ ಹೇಳಲಾರೆ ಎಂದರು ಮೇಷ್ಟ್ರು. ಆದರೆ ನಾವು ದಿನವೂ ಉಸಿರಾಡುವ ಗಾಳಿಯ ವಿಷಯ ಹೇಳಿದರು. ಅದರಲ್ಲಿ ಐದಕ್ಕೆ ನಾಲ್ಕು ಪಾಲಿನ ಹತ್ತಿರ ಸಾರಜನಕ, ಒಂದು ಪಾಲು ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ತೀರಾ ಸ್ವಲ್ಪ. ಸೋಡಾದಲ್ಲಿ ಗುಳ್ಳೆ ಏಳಿಸುವುದು ಅದೇ. ಬೆಂಕಿ ಆರಿಸುವ ಕೆಲವು ಸಿಲಿಂಡರುಗಳಲ್ಲಿ ತುಂಬುವುದೂ ಅದನ್ನೇ. ಗಾಳಿಗಿಂತ ಭಾರವಾದ್ದರಿಂದ ಗಾಳಿಯಾಡದ ಕುಳಿಯಲ್ಲಿ ನೀರಿನಂತೆ ತಳ ಹಿಡಿದು ನಿಲ್ಲುತ್ತದೆ. “ಕಣ್ಣಿಲೆ ನೋಡಬೇಕಂದ್ರ ಹಗೇವು ತೆಗಿಯೂ ದಿನ ಹೋಗ್ರಿ. ಜ್ವಾಳಕ್ಕ ಹುಳ ಯಾಕ ಹತ್ತಂಗಿಲ್ಲ ಅನ್ನೂದೂ ತಿಳೀತದ,” ಎಂದರು.

ನಾನು ಹೋದಾಗ ಹಗೇವಿನ ಒಡೆಯ, ಐವತ್ತು ದಾಟಿದ ರೈತ, ತನ್ನ ಮನೆಯಂಗಳದಲ್ಲಿ ಆಗಷ್ಟೇ ಕಲ್ಲು ಸರಿಸಿದ್ದ. ಯುಗಾದಿಗೆ ಮೊದಲು ಅರ್ಧ ಕಾಳು ತೆಗೆದು ಮತ್ತೆ ಮುಚ್ಚಿದ್ದ ಹಗೇವು ಅದು. ಇಳಿಯಲು ಬಂದಾತ ಅದೇ ಊರಿನ ಕೂಲಿಕಾರ. ಹಗ್ಗ ಹಿಡಿಯಲು ಅವನ ಹೆಂಡತಿಯೂ ಬಂದಿದ್ದಳು. ಮೊದಲು ಕಂದೀಲು ಇಳಿಸಿ ನೋಡುವುದು ಪದ್ಧತಿ. ಅದು ಆರಿದರೆ ಯಾರೂ ಇಳಿಯಬಾರದು.

ಕಂದೀಲಿನಲ್ಲಿ ಎಣ್ಣೆ ಇರಲಿಲ್ಲ.

“ಸೀಮಿಎಣ್ಣಿ ಎಲ್ಲಿ ಸಿಗ್ತದ್ರಿ ಸರ ಈಗ? ಬ್ಯಾಟ್ರಿ ಅದ, ಇದನ್ನ ಬಿಡೂಣು,” ಎಂದು ಒಡೆಯ ಚಾರ್ಜ್ ಮಾಡುವ ಟಾರ್ಚನ್ನು ಹಗ್ಗಕ್ಕೆ ಕಟ್ಟಿ ಇಳಿಸಿದ. ಕೆಳಗೆ ಬಿಳಿ ಜೋಳ ಹೊಳೆಯಿತು.

“ಹೆಂಗ ಉರ್ಯಾಕತ್ತದ ನೋಡ್ರಿ! ಇಳಿಯೋ ತಮ್ಮಾ.”

‘ದೀಪ ಆರಲಿಲ್ಲ’ ಎಂದು ನಾನೂ ಬರೆದುಕೊಂಡೆ. ನಾವು ಮೂವರು ಗಂಡಸರಲ್ಲಿ ಒಬ್ಬರಿಗೂ ತಪ್ಪು ಹೊಳೆಯಲಿಲ್ಲ. ಇಳಿಯುವಾತ ಸೊಂಟಕ್ಕೆ ಹಗ್ಗ ಬಿಗಿದು, ಹಗೇವಿನ ಬಾಯಲ್ಲಿ ಕಾಲು ಇಳಿಬಿಟ್ಟು ಕುಳಿತ. ಹೆಂಡತಿ ಹಗ್ಗ ಜಗ್ಗಿದಳು.

“ಏ, ಕಾಲು ಮ್ಯಾಲೆ ತಗಿ. ಬ್ಯಾಟ್ರಿಗೇನು, ಗಾಳಿ ಇಲ್ದಿದ್ರೂ ಉರೀತದ. ನಿನಗ ನಡೀತದೇನು? ಸಾವ್ಕಾರ್ರ, ಎಣ್ಣಿ ದೀಪ ತರ್ರಿ.”

“ಸರ, ನಿಮ್ಮ ಪೇಪರಿನ್ಯಾಗ ಈಕಿಗಿ ಕೆಲಸ ಕೊಡ್ರಿ,” ಎಂದು ಗಂಡ ನಗುತ್ತ ಕಾಲು ಮೇಲೆ ತೆಗೆದ.

ಪಣತಿಗೆ ಅಡುಗೆ ಎಣ್ಣೆ ಹಾಕಿ, ಹಚ್ಚಿ, ಬುಟ್ಟಿಯಲ್ಲಿಟ್ಟು ಇಳಿಸಿದರು. ಬಾಯಿಂದ ಎರಡು ಮೊಳ ಹೋಗುವಷ್ಟರಲ್ಲಿ ಜ್ವಾಲೆ ಕುಗ್ಗಿತು, ಆರಿತು. ಗಾಳಿ ಬೀಸಿರಬಹುದೆಂದು ಮತ್ತೆ ಹಚ್ಚಿ ಇಳಿಸಿದೆವು. ಅದೇ ಆಳಕ್ಕೆ ಆರಿತು. ಮೂರನೆಯ ಸಲವೂ ಹಾಗೆಯೇ. ನಾನು ಬಗ್ಗಿ ನೋಡಿದೆ: ಬಣ್ಣವಿಲ್ಲ, ಹೊಗೆಯಿಲ್ಲ. ಟಾರ್ಚು ಮಾತ್ರ ಕೆಳಗೆ ಉರಿಯುತ್ತಲೇ ಇತ್ತು.

ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತದೆ, ಕಾಳಿನಲ್ಲಿ ಅಡಗಿದ ಹುಳವೂ ಉಸಿರಾಡುತ್ತದೆ. ಆಮ್ಲಜನಕ ತೀರುತ್ತ ಬಂದಂತೆ ಇಂಗಾಲದ ಡೈಆಕ್ಸೈಡ್ ತುಂಬಿ ಹುಳ ಸಾಯುತ್ತದೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಇದೇ ಕೆಲಸಕ್ಕೆ ಅಕ್ಕಿ ಗೋದಾಮುಗಳಲ್ಲಿ ಗುಳಿಗೆ ಇಟ್ಟು ಟಾರ್ಪಾಲು ಹೊದಿಸುವುದನ್ನು ಮಾನ್ವಿಯಲ್ಲಿ ನೋಡಿದ್ದೆ. ಆ ಗುಳಿಗೆಯಿಂದ ಬರುವುದು ಅಪ್ಪಟ ವಿಷ. ಇಲ್ಲಿರುವುದು ನಾವೇ ಉಸಿರಿನೊಂದಿಗೆ ಹೊರಬಿಡುವ ಅನಿಲ. ಇಳಿದಿದ್ದರೆ ಆ ಮನುಷ್ಯನಿಗೂ ಹುಳದ ಗತಿಯೇ ಆಗುತ್ತಿತ್ತು.

ಅಂದು ಹಗೇವಿನ ಬಾಯಿ ಮುಚ್ಚದೆ ಹಾಗೇ ಬಿಟ್ಟರು, ನಾನೂ ಊರಲ್ಲೇ ಉಳಿದೆ. ಮರುದಿನ ಬೆಳಿಗ್ಗೆ, ಒಳಗೆ ಹೊಸ ಗಾಳಿ ಆಡಲೆಂದು, ಬೇವಿನ ಟೊಂಗೆಗಳ ಕಟ್ಟನ್ನು ಹಗ್ಗಕ್ಕೆ ಬಿಗಿದು, ಬಾವಿಯಲ್ಲಿ ಕೊಡ ಆಡಿಸಿದಂತೆ ಮೇಲೆ ಕೆಳಗೆ ಆಡಿಸಿದರು. ಆಮೇಲೆ ಪಣತಿ ಕಾಳಿನ ಮೇಲೆಯೇ ಕುಳಿತು ಉರಿಯಿತು. ಆತ ಇಳಿದ.

ಇಳಿದವನು ಸುಮ್ಮನಿರಬಾರದು ಎಂಬುದು ಇನ್ನೊಂದು ಕಟ್ಟಳೆ. ಮೇಲಿನವರು ಕೇಳುತ್ತಿರಬೇಕು, ಕೆಳಗಿನವನು ಉತ್ತರ ಕೊಡುತ್ತಿರಬೇಕು. ಕೇಳುವವರು ಅವನ ಮನೆಯವರೇ ಆಗಬೇಕು, ದನಿ ಬದಲಾದರೆ ತಿಳಿಯುವುದು ಅವರಿಗೇ.

“ಜಾಲಹಳ್ಳಿಗಿ ನಮ್ಮಕ್ಕನ ಮನಿಗಿ ಯಾವಾಗ ಹೋಗೂದು?” ಹೆಂಡತಿ ಶುರು ಮಾಡಿದಳು.

“ಹೋಗೂಣು.”

“ಯಾವಾಗ?”

“ನೆಲದಾಗ ಇಳಿದ್ರೂ ಬಿಡಂಗಿಲ್ಲಲ್ಲ ನೀ! ಐತವಾರ ಹೋಗೂಣು.”

“ಸರ ಬರ್ಕೊಂಡಾರ ನೋಡು.”

ನಾಲ್ಕು ಬುಟ್ಟಿ ಜೋಳ ಮೇಲೆ ಬಂತು. ಐದನೆಯದು ತುಂಬುವಾಗ ಆಕೆ ಕೇಳಿದಳು, “ಅಕ್ಕಗ ಏನು ಒಯ್ಯೂದು?”

“ಏನಾರ ಒಯ್ಯೂಣು.”

“ಮ್ಯಾಲೆ ಬಾ.”

“ಇನ್ನೂ ಭಾಳ ಅದ.”

“ಬಾ ಅಂದೆ.”

ಆ ಉತ್ತರದಲ್ಲಿ ನನಗೆ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ. ಒಡೆಯನೂ ಅಚ್ಚರಿಯಿಂದ ನೋಡಿದ. ಆದರೆ ಆಕೆ ಆಗಲೇ ಹಗ್ಗ ಎಳೆಯತೊಡಗಿದ್ದಳು, ನಾವಿಬ್ಬರೂ ಕೈ ಹಾಕಿದೆವು. ಮೇಲೆ ಬಂದವನು ನೆರಳಿಗೆ ಹೋಗಿ ಕುಳಿತು ಒಂದೇ ಸಮನೆ ನೀರು ಕುಡಿದ. ಹೆಂಡತಿ ಪಣತಿಗೆ ಎಣ್ಣೆ ಹಾಕಲು ಒಡೆಯನ ಮನೆಯೊಳಗೆ ಹೋದಾಗ ನನ್ನ ಕಡೆ ಬಾಗಿ, “ತಲಿ ತಿರುಗಾಕತ್ತಿತ್ರಿ ಸರ. ಆಕಿಗಿ ಹೇಳಬ್ಯಾಡ್ರಿ,” ಎಂದ.

“ಗೊತ್ತಾಗೇದ, ಸುಮ್ನ ಕೂಡು,” ಎಂದಳು ಆಕೆ ಒಳಗಿಂದಲೇ.

ಪಣತಿಯನ್ನು ಮತ್ತೆ ಇಳಿಸಿದರು. ಆತ ಕಾಳು ಕೆದಕಿದ್ದ ಗುಣಿಯನ್ನು ಮುಟ್ಟುವಷ್ಟರಲ್ಲಿ ಪಣತಿ ಆರಿತು. ಕಾಳಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಅನಿಲ ಬಗೆದಷ್ಟೂ ಹೊರಬರುತ್ತಿತ್ತೆಂದು ಕಾಣುತ್ತದೆ. ಒಡೆಯ ಒಮ್ಮೆ ಹಗೇವಿನೊಳಗೆ, ಒಮ್ಮೆ ನೆರಳಿನಲ್ಲಿ ಕುಳಿತವನ ಕಡೆ ನೋಡಿದ.

“ಉಳಿದಿದ್ದು ನಾಳಿ ತೆಗಿಯೂಣು,” ಎಂದ.