ತಮ್ಮ ಸತ್ತ ಸುದ್ದಿಯೂ ಸೊಸೆಯ ವೆಬ್‌ಸೈಟೂ

ನನ್ನ ಸೊಸೆಯ ಸುದ್ದಿ ವೆಬ್‌ಸೈಟು ಹುಟ್ಟಿದ್ದು ಮಧುಗಿರಿಯ ನಮ್ಮ ನಡುಮನೆಯಲ್ಲಿ, ನಾನು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಜಾಗದ ಪಕ್ಕದಲ್ಲೇ. ಮೊದಲು ಅವಳು ಒಂದು ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದಳು. ಅವರು ಅರ್ಧ ಹಾಕುತ್ತಿದ್ದರು, ಅರ್ಧ ಎಸೆಯುತ್ತಿದ್ದರು. “ಎಸೆದದ್ದನ್ನು ನಾನೇ ಹಾಕಿಕೊಳ್ಳುತ್ತೇನೆ” ಎಂದು ಶುರು ಮಾಡಿದಳು. ಗೋಡೆಗೆ ನನ್ನ ನೀಲಿ ಸೀರೆ ಕಟ್ಟಿ, ಅದರ ಮುಂದೆ ಕೂತು ಮೊಬೈಲಿಗೆ ಸುದ್ದಿ ಓದುತ್ತಿದ್ದಳು. ನಾನು ಹುಣಸೆ ಕುಟ್ಟುವ ಕೊಡತಿಯ ಸದ್ದೂ ಅದರಲ್ಲಿ ಸೇರಿಕೊಳ್ಳುತ್ತಿತ್ತು. ಪಾವಗಡದವನೊಬ್ಬ ಫೋನು ಮಾಡಿ, “ಏನಮ್ಮಾ, ಸುದ್ದಿ ಮಧ್ಯ ಅದೇನು ದಬದಬ? ಮನೇಲಿ ಜಗಳಾನಾ?” ಎಂದನಂತೆ. “ಇಲ್ಲ ಸಾರ್, ನಮ್ಮತ್ತೆ” ಎಂದಳಂತೆ ಇವಳು.

ಆಗ ಓದುತ್ತಿದ್ದವರು ಅವಳು, ಅವಳ ಗಂಡ, ನಾನು. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ತಲೆಬರಹ ಮುಗಿಸುವಷ್ಟರಲ್ಲಿ ಮಾರನೆಯ ದಿನದ ಸುದ್ದಿ ಬಂದಿರುತ್ತಿತ್ತು. ಆಮೇಲೆ ವಳ್ಳೂರು, ಕ್ಯಾತಗಾನಚೆರ್ಲು ಕಡೆ ಸೋಲಾರ್ ಪಾರ್ಕಿಗೆ ಹೊಲ ಕೊಟ್ಟವರು ಅದರ ಸುದ್ದಿಗೆ ಇವಳನ್ನು ಹುಡುಕಿಕೊಂಡು ಬಂದರು. ಶಿರಾದ ಕಡಲೆಕಾಯಿ ರೇಟು ಹಾಕಿದಳು. ಕೊರಟಗೆರೆಗೆ ಯಾವ ಬಸ್ಸು ನಿಂತುಹೋಯಿತು ಎಂದು ಹಾಕಿದಳು. ಆದರೆ ಅದನ್ನು ನಿಜವಾಗಿ ಬೆಳೆಸಿದವರು ಸತ್ತವರು. ಯಾರು ಹೋದರು, ಮಣ್ಣು ಮಾಡುವುದು ಎಷ್ಟೊತ್ತಿಗೆ ಎಂಬುದನ್ನು ಅವಳು ಹಾಕತೊಡಗಿದ ಮೇಲೆ ನಾಲ್ಕು ತಾಲ್ಲೂಕಿನವರೂ ಎದ್ದು ಮುಖ ತೊಳೆಯುವ ಮುಂಚೆ ಅದನ್ನು ನೋಡುವಂತಾಯಿತು. ಕೆಲಸ ಬಿಟ್ಟು, ಬಸ್ಸು ಹತ್ತಿ, ಕೊನೆಯ ಸಲ ಮುಖ ನೋಡಲು ಹೋಗುವ ಜನ. ಸುದ್ದಿ ಸುಳ್ಳಾದರೆ ಸುಮ್ಮನೆ ಬಿಡುತ್ತಾರೆಯೇ? ಅದಕ್ಕೇ ಅವಳು ಸತ್ತವರ ಊರಿನ ಇನ್ನೊಬ್ಬರನ್ನು ಕೇಳದೆ ಯಾರನ್ನೂ ಸಾಯಿಸುತ್ತಿರಲಿಲ್ಲ.

ಕೇಳದೆ ಸಾಯಿಸಿದ್ದು ಒಬ್ಬನನ್ನೇ. ಅವನು ನನ್ನ ತಮ್ಮ.

ಅವನು ಕಳ್ಳಂಬೆಳ್ಳದಲ್ಲಿದ್ದಾನೆ. ಒಂದು ಬೆಳಗ್ಗೆ ಅವನ ಮಗ ಸೊಸೆಗೆ ಫೋನು ಮಾಡಿ, “ಅಕ್ಕಾ, ಅಪ್ಪ ಹೋಗ್ಬುಟ್ರು. ನಿನ್ನ ವೆಬ್‌ಸೈಟಿಗೆ ಹಾಕ್ಬುಡು” ಎಂದು ಕಟ್ ಮಾಡಿದ. ಹೆತ್ತ ಮಗನೇ ಹೇಳಿದ ಮೇಲೆ ಇನ್ನು ಯಾರನ್ನು ಕೇಳುವುದು? ಇವಳು ಅಳುತ್ತಲೇ ಫೋಟೋ ಹುಡುಕಿ ಹಾಕಿ, ಆಮೇಲೆ ನನಗೆ ಹೇಳಿದಳು. ನಾನು ಕೊಡತಿ ಕೆಳಗಿಟ್ಟು, “ಅಳಾದು ಆಮ್ಯಾಕೆ. ಆಟೋಗೆ ಹೇಳು” ಎಂದೆ. ಅಳು ನನಗೆ ಮೊದಲಿಂದಲೂ ಬರುವುದಿಲ್ಲ.

ಕಳ್ಳಂಬೆಳ್ಳಕ್ಕೆ ಹೋಗಿ ನೋಡಿದರೆ ಸತ್ತವನು ಜಗಲಿಯ ಮೇಲೆ ಕೂತು ಮುದ್ದೆ ನುಂಗುತ್ತಿದ್ದಾನೆ. ಬಾಗಿಲ ಮುಂದೆ ಹಾರ ಹಿಡಿದ ನೆಂಟರು. ಶಿರಾದ ಶಾಮಿಯಾನದವನಂತೂ ಸುದ್ದಿ ನೋಡಿ, ಯಾರೂ ಕರೆಯದಿದ್ದರೂ ಬಂದು ಕಂಬ ಇಳಿಸುತ್ತಿದ್ದ.

ತಮ್ಮನ ಹೆಂಡತಿ ಓಡಿಬಂದು ನನ್ನ ಮುಖವನ್ನೇ ನೋಡಿದಳು. “ಅತ್ಗೆ, ಅತ್ತ್ರಾ?”

ಆಗ ತಿಳಿಯಿತು. ಹಿಂದಿನ ದಿನ ಹೊಲದಲ್ಲಿ ಕಾಗೆಯೊಂದು ತಮ್ಮನ ತಲೆಗೆ ಬಡಿದಿತ್ತು. ನಮ್ಮ ಕಡೆ ಅದು ಗಂಡಾಂತರ. ಕಳೆಯಬೇಕಾದರೆ ಆ ಮನುಷ್ಯ ಸತ್ತನೆಂದು ಹತ್ತಿರದವರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಂಬಿ ಅತ್ತರೆ ಸಾವು ತಪ್ಪಿತು. ಒಬ್ಬೊಬ್ಬರಿಗೆ ಫೋನು ಮಾಡುವ ಬದಲು ಒಂದೇ ಸಲ ಎಲ್ಲರೂ ಅಳಲಿ ಎಂದು ಮಗರಾಯ ವೆಬ್‌ಸೈಟಿಗೆ ಕೊಟ್ಟಿದ್ದ.

ಸೊಸೆಯ ಮುಖ ಬಿಳಿಚಿಕೊಂಡಿತು. “ಇನ್ಮೇಲೆ ನಾನು ಹಾಕಿದ್ನ ಯಾರು ನಂಬ್ತಾರೆ? ಮಾವ, ಇಂಗೆ ತಿರುಗಿ. ಬದುಕಿದೀರ ಅಂತ ಫೋಟೋ ಹಾಕ್ತೀನಿ.”

ತಮ್ಮನ ಹೆಂಡತಿ ಅಡ್ಡ ನಿಂತಳು. “ಒಡಹುಟ್ಟಿದೋರೇ ಅತ್ತಿಲ್ಲ, ಅದೆಂಗೆ ಫೋಟೋ ತೆಗೀತೀಯ? ಅತ್ಗೆ ಅಳ್ಳಿ, ಆಮ್ಯಾಲೆ ತಗಿ.”

ನನ್ನ ಕಣ್ಣೀರು ಬರುವ ತನಕ ನಾಲ್ಕು ತಾಲ್ಲೂಕಿಗೆ ನಿಜ ಹೇಳುವ ಹಾಗಿಲ್ಲ! ಸೊಸೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಯಾರೋ ಪಾವಗಡದಿಂದ ಹೊರಟೇಬಿಟ್ಟಿದ್ದರು. “ಅತ್ತೆ, ನಿಮ್ ಕಾಲಿಗ್ ಬೀಳ್ತೀನಿ, ಒಂಚೂರು ಅಳಿ” ಎಂದಳು.

ತಮ್ಮನ ಮುಂದೆ ಕೂತು ಅವನನ್ನು ದಿಟ್ಟಿಸಿದೆ. ಸತ್ತವರನ್ನೆಲ್ಲ ನೆನೆಸಿಕೊಂಡೆ. ಏನೂ ಬರಲಿಲ್ಲ. ಅವನು ಕೈ ನೆಕ್ಕುತ್ತಾ ಹೆಂಡತಿಗೆ, “ಬುಡಮ್ಮಿ, ನಮ್ಮಕ್ಕ ಅಪ್ಪ ಸತ್ತಾಗ್ಲೇ ಅಳ್ನಿಲ್ಲ. ಆವತ್ತೂ ಸಾರಿಗೆ ಉಪ್ಪು ಕಮ್ಮಿ ಅಂದೋಳು” ಎಂದ.

“ಕಮ್ಮಿ ಇತ್ತು ಕಣ್ಲಾ” ಎಂದೆ.

ಶಾಮಿಯಾನದವನು ಕಂಬ ಹಿಡಿದುಕೊಂಡೇ ತಮ್ಮನ ಹತ್ತಿರ ಬಂದು, “ಯಜಮಾನ್ರೇ, ಇದು ಈಗ ಬಿಚ್ಲಾ, ಇಲ್ಲ ಇಲ್ಲೇ ಇರ್ಲಾ?” ಎಂದು ಕೇಳಿದ. ಸತ್ತವನನ್ನೇ ಕೇಳಿದ! ನನಗೆ ನಗು ಕಿತ್ತುಕೊಂಡು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಇಳಿಯಿತು.

“ಬಂತು! ನೀರು ಬಂತು!” ಎಂದು ತಮ್ಮನ ಹೆಂಡತಿ ಕೂಗಿದಳು. ಎಂಥ ನೀರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೊಸೆ ಆಗಲೇ ಫೋಟೋ ತೆಗೆದಿದ್ದಳು.

ಕಾಗೆಯ ಮಾತು ಬರೆಯಬೇಡ, ಜನ ನಗುತ್ತಾರೆ ಎಂದು ತಮ್ಮನ ಮಗ ಗೋಗರೆದ. ಇವಳು ಎಲ್ಲ ಬರೆದಳು. “ನಮ್ಮವರೆಂದು ನಾನು ವಿಚಾರಿಸಲಿಲ್ಲ, ತಪ್ಪು ನನ್ನದು” ಎಂದು ಮೊದಲ ಸಾಲಿನಲ್ಲೇ ಬರೆದಳು. ತಮ್ಮ ಸತ್ತ ಸುದ್ದಿಗಿಂತ ಬದುಕಿದ ಸುದ್ದಿಯನ್ನೇ ಜನ ಹೆಚ್ಚು ಓದಿದರು. ಅವನಿಗೆ ಅದರಿಂದ ಸ್ವಲ್ಪ ಬೇಜಾರೇ ಆಯಿತು.

ಆದರೆ ಹೋದ ನಂಬಿಕೆ ಒಂದು ಫೋಟೋಗೆ ವಾಪಸ್ಸು ಬರಲಿಲ್ಲ. ಕೆಲವು ದಿನಕ್ಕೆ ಕೊರಟಗೆರೆ ಕಡೆ ಒಬ್ಬ ಮುದುಕಿ ತೀರಿಕೊಂಡಳು. ಸೊಸೆ ಈ ಸಲ ಯಾರನ್ನೂ ಫೋನಿನಲ್ಲಿ ಕೇಳಲಿಲ್ಲ. ಸ್ಕೂಟಿ ಹತ್ತಿ ತಾನೇ ಹೋಗಿ ಬಂದಳು. ಸುದ್ದಿ ಹಾಕಿ ಊಟಕ್ಕೆ ಕೂತರೆ ತುತ್ತಿಗೊಂದು ಫೋನು.

“ಏನಮ್ಮಾ, ದಿಟವಾಗ್ಲೂ ಹೋದ್ರಾ, ಇಲ್ಲ ಇದೂ ಕಾಗೇನಾ?”

ಒಬ್ಬರ ಮೇಲೂ ರೇಗದೆ ಅವಳು ಎಲ್ಲರಿಗೂ ಹೇಳಿದಳು: “ಹೋದ್ರು ಕಣಣ್ಣ. ನಾನೇ ಮುಖ ನೋಡ್ಕಂಡ್ ಬಂದೀನಿ. ನಾಕು ಗಂಟೆಗೆ ಮಣ್ಣು, ನೀವು ಹೊರಡಿ.”